ಇಂಟೇಕ್ ಗಾಳಿ ಸೆನ್ಸರ್‌ಗೆ ‘ಪವರ್ ಚಿಪ್’ ಸಿಕ್ಕಿಸಿದ ಗಾಡಿ: ದೋಷ ಹುಡುಕುವ ಬಗೆ

ಇಂಥ ಗಾಡಿ ಗ್ಯಾರೇಜಿಗೆ ಬರುವಾಗ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಲೋಡ್ ಹಾಕಿದರೆ ಕಪ್ಪು ಹೊಗೆ. ಮೈಲೇಜ್ ಬಿದ್ದಿದೆ. ಚೆಕ್ ಲೈಟ್ ಒಮ್ಮೆ ಹತ್ತುತ್ತದೆ, ಒಮ್ಮೆ ತಾನಾಗಿಯೇ ಆರುತ್ತದೆ. ಇಂಜೆಕ್ಟರ್ ಬಿಚ್ಚೋಣವೇ, ಟರ್ಬೊ ನೋಡೋಣವೇ ಎಂದು ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಡ್ರೈವರ್‌ನ ಪಕ್ಕಕ್ಕೆ ಕರೆದು ಕೇಳಿ: “ಅಣ್ಣ, ಪಿಕಪ್ ಜಾಸ್ತಿ ಆಗೋಕೆ ಅಂತ ಏನಾದ್ರೂ ಹಾಕ್ಸಿದೀರಾ?” ಓನರ್ ಎದುರಿಗೆ ಕೇಳಬೇಡಿ, ನಿಜ ಬರುವುದಿಲ್ಲ. ಇಲ್ಲ ಅಂದರೂ ಪೂರ್ತಿ ನಂಬಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನವರು ಹಾಕಿಸಿದ್ದು ಇವರಿಗೆ ಗೊತ್ತೇ ಇರುವುದಿಲ್ಲ.

ನಾನು ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಟರ್ಬೊ ಮತ್ತು ಇಂಟರ್‌ಕೂಲರ್ ಇರುವ ಕಾಮನ್ ರೈಲ್ ಡೀಸೆಲ್ ಪಿಕಪ್, ಸಣ್ಣ ಲಾರಿಗಳ ಬಗ್ಗೆ. ಹಾಸನ, ಸಕಲೇಶಪುರದ ಕಡೆಯಿಂದ ತರಕಾರಿ ಹೊತ್ತು ಶಿರಾಡಿ ಘಾಟ್ ಇಳಿದು, ಮಂಗಳೂರಿನಿಂದ ಬೇರೆ ಲೋಡ್ ಹಾಕಿಕೊಂಡು ಅದೇ ಘಾಟ್ ಹತ್ತುವ ಗಾಡಿಗಳಿವೆಯಲ್ಲ, ಅಂಥವು. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳ ಲೆಕ್ಕ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ.

ಚಿಪ್ ಅಂದರೆ ಏನು

ಆನ್‌ಲೈನ್‌ನಲ್ಲಿ, ಕೆಲವು ಆಕ್ಸೆಸರಿ ಅಂಗಡಿಗಳಲ್ಲಿ ‘ಪರ್ಫಾರ್ಮೆನ್ಸ್ ಚಿಪ್’ ಅಂತ ಮಾರುತ್ತಾರೆ. ಕಪ್ಪು ಸ್ಲೀವ್, ಎರಡು ತುದಿಗೆ ಎರಡು ಪಿನ್. ಸ್ಲೀವ್ ಕುಯ್ದು ನೋಡಿದರೆ ಒಳಗೆ ಒಂದೇ ಒಂದು ರೆಸಿಸ್ಟರ್. ಕೆಂಪು, ಕೆಂಪು, ಕೆಂಪು, ಕೊನೆಗೆ ಚಿನ್ನದ ಬಣ್ಣದ ಗೆರೆ: ಅಂದರೆ 2.2 ಕಿಲೋಓಮ್. ಹಳದಿ, ನೇರಳೆ, ಕೆಂಪು ಇದ್ದರೆ 4.7 ಕಿಲೋಓಮ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದೆರಡು ರೂಪಾಯಿ ಕೊಟ್ಟರೆ ಸಿಗುವ ಸಾಮಾನು. ಕೆಲವರು ಇದಕ್ಕಿಂತ ಮುಂದೆ ಹೋಗಿ ತಿರುಪುವ ನಾಬ್ ಒಂದನ್ನು ಡ್ಯಾಶ್‌ಬೋರ್ಡ್‌ಗೆ ಕೂರಿಸಿರುತ್ತಾರೆ. ಕೆಲಸ ಎರಡರದ್ದೂ ಒಂದೇ.

ಇಂಟೇಕ್ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಒಂದು ಥರ್ಮಿಸ್ಟರ್. ಗಾಳಿ ಬಿಸಿಯಾದಷ್ಟೂ ಅದರ ರೆಸಿಸ್ಟನ್ಸ್ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರ್ ಕಡೆ ಎಷ್ಟು ವೋಲ್ಟ್ ಉಳಿಯಿತು ಅಂತ ನೋಡುತ್ತದೆ. ಅದರಿಂದ ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತದೆ. ನಡುವೆ ಇನ್ನೊಂದು ರೆಸಿಸ್ಟರ್ ಸೀರೀಸ್‌ನಲ್ಲಿ ಬಂದು ಕೂತರೆ ಒಟ್ಟು ರೆಸಿಸ್ಟನ್ಸ್ ಜಾಸ್ತಿಯಾಗುತ್ತದೆ. ಇಸಿಎಂ ‘ಗಾಳಿ ತಣ್ಣಗಿದೆ’ ಅಂತ ತಿಳಿದುಕೊಳ್ಳುತ್ತದೆ. ಅಷ್ಟೇ ವಿದ್ಯೆ.

ಬಾಷ್ ಮಾದರಿಯ ಸೆನ್ಸರ್ ನಮ್ಮಲ್ಲಿ ತುಂಬಾ ಗಾಡಿಗಳಲ್ಲಿದೆ. ಅದರ ರೆಸಿಸ್ಟನ್ಸ್ ಅಂಕಿಗಳು ಬಾಯಿಪಾಠ ಆಗಿರುವುದು ಒಳ್ಳೆಯದು. 0 ಡಿಗ್ರಿಗೆ ಸುಮಾರು 5.9 ಕಿಲೋಓಮ್, 20 ಡಿಗ್ರಿಗೆ 2.5 ಕಿಲೋಓಮ್, 40ಕ್ಕೆ ಸುಮಾರು 1.2, 60ಕ್ಕೆ 600 ಓಮ್ ಆಸುಪಾಸು, 80ಕ್ಕೆ 320ರ ಹತ್ತಿರ, 100ಕ್ಕೆ 190ಕ್ಕೂ ಸ್ವಲ್ಪ ಕಡಿಮೆ. ಬೇರೆ ಕಂಪನಿಯ ಸೆನ್ಸರ್ ಆದರೆ ಅಂಕಿ ಬದಲಾಗುತ್ತದೆ, ಆದರೆ ಇಳಿಯುವ ರೀತಿ ಇದೇ.

ಈಗ ಇದಕ್ಕೆ 2.2 ಕಿಲೋಓಮ್ ಸೇರಿಸಿ ನೋಡಿ. ನಿಜವಾದ ಗಾಳಿ 20 ಡಿಗ್ರಿ ಇದ್ದಾಗ ಒಟ್ಟು 4.7 ಕಿಲೋಓಮ್, ಇಸಿಎಂಗೆ ಕಾಣುವುದು 5 ಡಿಗ್ರಿ. 40 ಇದ್ದಾಗ ಕಾಣುವುದು 13. 60 ಇದ್ದಾಗ 17. 80 ಇದ್ದಾಗ 20. ಗಾಳಿ 20ರಿಂದ 80ಕ್ಕೆ ಏರಿದರೂ ಇಸಿಎಂ ಕಣ್ಣಿಗೆ ಬರೀ 15 ಡಿಗ್ರಿ ಏರಿಳಿತ. ಬಿಸಿ ಹೆಚ್ಚಾದಷ್ಟೂ ಸುಳ್ಳು ದೊಡ್ಡದಾಗುತ್ತದೆ. ಇನ್ನೂ ಒಂದು ವಿಷಯ ಇದೆ: ಸೆನ್ಸರ್ ಎಷ್ಟೇ ಕಾದರೂ ಒಟ್ಟು ರೆಸಿಸ್ಟನ್ಸ್ 2.2 ಕಿಲೋಓಮ್‌ಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಅಂದರೆ ಇಸಿಎಂ ಡೇಟಾ ಓದುವ ಸ್ಕ್ಯಾನರ್‌ನಲ್ಲಿ 23 ಡಿಗ್ರಿ ದಾಟುವುದೇ ಇಲ್ಲ. ಈ ಒಂದು ಲೆಕ್ಕ ಮುಂದೆ ಚಿಪ್ ಹಿಡಿಯಲು ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಮೊದಲು ಗಾಡಿ ಚೆನ್ನಾಗಿ ಎಳೆಯಿತು ಅಂತಾರಲ್ಲ?

ಎಳೆದಿರುತ್ತದೆ. ಡ್ರೈವರ್ ಹೇಳುವುದು ಸುಳ್ಳಲ್ಲ, ಅದಕ್ಕೇ ಅವರನ್ನು ಬೈದು ಪ್ರಯೋಜನ ಇಲ್ಲ. ಯಾಕೆ ಎಳೆಯಿತು ಅನ್ನುವುದನ್ನು ತಿಳಿದುಕೊಂಡರೆ ನಿಜವಾದ ಫಾಲ್ಟ್ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಬಿಸಿಯಾಗುತ್ತದೆ. ಹೊರಗೆ 35 ಡಿಗ್ರಿ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) 1 ಬಾರ್, ಟರ್ಬೊದ ಎಫಿಷಿಯೆನ್ಸಿ 70 ಪರ್ಸೆಂಟ್ ಅಂತ ಇಟ್ಟು ಲೆಕ್ಕ ಹಾಕಿದರೆ ಟರ್ಬೊದಿಂದ ಹೊರಬರುವ ಗಾಳಿ 130 ಡಿಗ್ರಿ ಆಸುಪಾಸು ಇರುತ್ತದೆ. ಇಂಟರ್‌ಕೂಲರ್ ಅದನ್ನು ತಣ್ಣಗೆ ಮಾಡಿ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಕಳಿಸಬೇಕು. ಅದು ಸರಿಯಾಗಿ ತಣ್ಣಗಾಗದೆ ಒಳಗೆ ಬಂದರೆ ಇಸಿಎಂ ಡೀಸೆಲ್ ಕಡಿಮೆ ಮಾಡುತ್ತದೆ. ಇಂಜಿನ್ ಮತ್ತು ಟರ್ಬೊ ಉಳಿಯಲಿ ಅಂತ ಇರುವ ವ್ಯವಸ್ಥೆ ಇದು. ಡ್ರೈವರ್‌ಗೆ ಅದು ಕಾಣುವುದು ಹೀಗೆ: ಗುಂಡ್ಯದಿಂದ ಹತ್ತಲು ಶುರು ಮಾಡಿದಾಗ ಗಾಡಿ ಸರಿ ಇರುತ್ತದೆ, ಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದರೂ ಎಳೆಯುವುದಿಲ್ಲ. ಬೆಳಗಿನ ಜಾವ ಹತ್ತಿದರೆ ತೊಂದರೆ ಇಲ್ಲ, ಮಧ್ಯಾಹ್ನ ಹತ್ತಿದರೆ ಇದೆ.

ಆಗ ಯಾರೋ ಚಿಪ್ ಹಾಕಿಕೊಡುತ್ತಾರೆ. ಇಸಿಎಂಗೆ ಬಿಸಿ ಕಾಣುವುದು ನಿಂತುಹೋಗುತ್ತದೆ, ಡೀಸೆಲ್ ಕಡಿತವೂ ನಿಲ್ಲುತ್ತದೆ, ಗಾಡಿ ಎಳೆಯುತ್ತದೆ. ಜೊತೆಗೆ ಗಾಳಿ ತಣ್ಣಗಿದೆ ಅಂತ ಕಂಡರೆ ಎಷ್ಟೋ ಗಾಡಿಗಳಲ್ಲಿ ಇಸಿಎಂ ಇಜಿಆರ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಇಂಜಿನ್‌ಗೆ ಬಿಡುವ ವ್ಯವಸ್ಥೆ) ಕಡಿಮೆ ಮಾಡುತ್ತದೆ ಅಥವಾ ಮುಚ್ಚುತ್ತದೆ. ಊರೊಳಗೆ ಓಡಿಸುವಾಗಲೂ ಸ್ವಲ್ಪ ಚುರುಕು ಅನ್ನಿಸುವುದು ಇದರಿಂದ. ಸರಿಯಾಗಿರುವ ಇಂಟರ್‌ಕೂಲರ್ ಇರುವ ಗಾಡಿಗೆ ಇದೇ ಚಿಪ್ ಹಾಕಿದರೆ ಹೇಳಿಕೊಳ್ಳುವಂಥ ಫರಕು ಬರುವುದಿಲ್ಲ. ಆದ್ದರಿಂದ ‘ಚಿಪ್ ಹಾಕಿದ ಮೇಲೆ ಸೂಪರ್ ಆಯ್ತು’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಗ್ರಿಲ್ ಕಡೆಗೇ ಹೋಗುತ್ತೇನೆ.

ಹೊಗೆ ಎಲ್ಲಿಂದ ಬಂತು? ಮ್ಯಾನಿಫೋಲ್ಡ್ ಒತ್ತಡ ಮತ್ತು ಬಿಸಿ ಎರಡನ್ನೂ ಹಿಡಿದು ಗಾಳಿಯ ತೂಕ ಲೆಕ್ಕ ಹಾಕುವ ಗಾಡಿಗಳಲ್ಲಿ, ಆ ತೂಕಕ್ಕೆ ತಕ್ಕ ಹಾಗೆ ‘ಇಷ್ಟಕ್ಕಿಂತ ಜಾಸ್ತಿ ಡೀಸೆಲ್ ಬೇಡ, ಹೊಗೆ ಬರುತ್ತೆ’ ಅಂತ ಒಂದು ಮಿತಿ ಇರುತ್ತದೆ. ನಿಜವಾಗಿ 70 ಡಿಗ್ರಿ ಇರುವ ಗಾಳಿ ಚಿಪ್ ದೆಸೆಯಿಂದ 19 ಡಿಗ್ರಿ ಅಂತ ಕಂಡರೆ, ಇಲ್ಲದ ಗಾಳಿ 17 ಪರ್ಸೆಂಟ್ ಇದೆ ಅಂತ ಲೆಕ್ಕ ಬರುತ್ತದೆ. ಮಿತಿ ಅಷ್ಟು ಮೇಲೆ ಹೋಗುತ್ತದೆ. ಆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿಯಾಗಿ ಸೈಲೆನ್ಸರ್‌ನಿಂದ ಬರುತ್ತದೆ. ಹಾಟ್ ಫಿಲ್ಮ್ ಏರ್ ಫ್ಲೋ ಸೆನ್ಸರ್‌ನಿಂದ ಗಾಳಿಯ ತೂಕ ನೇರವಾಗಿ ಅಳೆಯುವ ಗಾಡಿಗಳಲ್ಲಿ ಹೊಗೆ ಇಷ್ಟು ಬರುವುದಿಲ್ಲ, ಆದರೆ ಬಿಸಿಯ ರಕ್ಷಣೆ ಹೋಗಿರುವುದು ಅಲ್ಲೂ ನಿಜ. ಫುಲ್ ಲೋಡ್‌ನಲ್ಲಿ ಘಾಟ್ ಹತ್ತುವಾಗ ಎಕ್ಸಾಸ್ಟ್ 600 ಡಿಗ್ರಿ ದಾಟುವುದು ಮಾಮೂಲು. ಅದರ ಮೇಲೆ ಬಿಸಿ ಗಾಳಿ, ಜಾಸ್ತಿ ಡೀಸೆಲ್ ಎರಡೂ ಸೇರಿದರೆ ಟರ್ಬೊದ ಬಿಸಿ ಭಾಗಕ್ಕೂ ಪಿಸ್ಟನ್ ತಲೆಗೂ ಪೆಟ್ಟು.

ಕೋಡ್ ನೋಡುವುದು

ಸ್ಕ್ಯಾನರ್ ಹಾಕಿ. ಪಿ0113 ಬಂದರೆ ಇಂಟೇಕ್ ಬಿಸಿಯ ಸರ್ಕ್ಯೂಟ್‌ನಲ್ಲಿ ವೋಲ್ಟ್ ಜಾಸ್ತಿ ಅಂತ ಅರ್ಥ. ವೈರ್ ಕಟ್ ಆಗಿದೆ, ಪಿನ್ ಸಡಿಲ ಇದೆ, ಅಥವಾ ರೆಸಿಸ್ಟರ್‌ನ ಓಮ್ ತುಂಬಾ ಜಾಸ್ತಿ ಇದೆ. ಪಿ0112 ಬಂದರೆ ವೋಲ್ಟ್ ಕಡಿಮೆ, ಎಲ್ಲೋ ಅರ್ಥ್‌ಗೆ ತಾಗಿದೆ. ಪಿ0114 ಬಿಟ್ಟು ಬಿಟ್ಟು ಬರುವ ಫಾಲ್ಟ್. ಎರಡನೇ ಸೆನ್ಸರ್ ಇದ್ದರೆ ಪಿ0097, ಪಿ0098 ನಂಬರ್‌ಗಳಲ್ಲಿ ಬರುತ್ತದೆ.

ಚಿಪ್ ಹಾಕಿದ ಗಾಡಿಯಲ್ಲಿ ಹೆಚ್ಚಾಗಿ ಕಾಣುವುದು ಪಿ0111. ಸರ್ಕ್ಯೂಟ್ ಸರಿ ಇದೆ, ಆದರೆ ಬರುತ್ತಿರುವ ಅಂಕಿ ನಂಬುವಂತಿಲ್ಲ ಅಂತ ಇಸಿಎಂ ಹೇಳುವ ಕೋಡ್ ಇದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್, ಇಂಟೇಕ್ ಗಾಳಿ ಎರಡೂ ಹತ್ತಿರ ಹತ್ತಿರ ಇರಬೇಕು ಅನ್ನುವುದು ಇಸಿಎಂಗೂ ಗೊತ್ತು. ಚೆಕ್ ಲೈಟ್ ಹತ್ತಿ ಆರುವ ಆಟಕ್ಕೆ ಕಾರಣ ಇದೇ. ಬೆಳಿಗ್ಗೆ ಹೋಲಿಸಿ ನೋಡಿದಾಗ ಒಮ್ಮೆ ಫೇಲ್ ಆಗುತ್ತದೆ, ಒಮ್ಮೆ ಗಡಿಯಲ್ಲಿ ಪಾಸ್ ಆಗುತ್ತದೆ.

ಪಿ0113 ಜೊತೆಗೆ ಬೂಸ್ಟ್ ಒತ್ತಡದ ಕೋಡ್, ಅಂದರೆ ಪಿ0108 ಅಥವಾ ಪಿ0238 ಕೂಡ ಇದ್ದರೆ ಒಂದು ಸಂಶಯ ಪಡಿ. ಮ್ಯಾನಿಫೋಲ್ಡ್ ಮೇಲಿನ ಸೆನ್ಸರ್‌ಗೆ ನಾಲ್ಕು ವೈರ್: 5 ವೋಲ್ಟ್, ಅರ್ಥ್, ಒತ್ತಡದ ಸಿಗ್ನಲ್, ಬಿಸಿಯ ಸಿಗ್ನಲ್. ಒತ್ತಡ ಮತ್ತು ಬಿಸಿ ಎರಡಕ್ಕೂ ಅರ್ಥ್ ಒಂದೇ. ಚಿಪ್ ಹಾಕಿದವರು ಬಿಸಿಯ ಸಿಗ್ನಲ್ ವೈರ್ ಬಿಟ್ಟು ಅರ್ಥ್ ವೈರ್ ಕತ್ತರಿಸಿ ರೆಸಿಸ್ಟರ್ ಹಾಕಿದ್ದರೆ ಒತ್ತಡದ ಸಿಗ್ನಲ್ಲೂ ಹುಚ್ಚುಚ್ಚಾಗಿ ಏರುತ್ತದೆ. ಗಾಡಿ ನೇರ ಲಿಂಪ್ ಮೋಡ್‌ಗೆ (ಕಡಿಮೆ ಪವರ್‌ನಲ್ಲಿ ಮಾತ್ರ ಓಡುವ ಸ್ಥಿತಿ) ಹೋಗುತ್ತದೆ. ಇಂಥ ಕೆಲಸಕ್ಕೆ ಹೊಸ ಸೆನ್ಸರ್ ತಂದು ಹಾಕಿದರೂ ಪ್ರಯೋಜನ ಇಲ್ಲ.

ಕೋಡ್ ಬರೆದಿಟ್ಟುಕೊಳ್ಳಿ. ಈಗಲೇ ಎರೇಸ್ ಮಾಡಬೇಡಿ. ಕೋಡ್ ಬಿದ್ದಾಗಿನ ಫ್ರೀಜ್ ಫ್ರೇಮ್ ಡೇಟಾ ಅದರ ಜೊತೆಗೇ ಹೋಗಿಬಿಡುತ್ತದೆ.

ಬೆಳಗಿನ ಪರೀಕ್ಷೆ

ಗಾಡಿಯನ್ನು ರಾತ್ರಿ ನೆರಳಲ್ಲಿ ಬಿಟ್ಟು ಹೋಗಲು ಹೇಳಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ. ಲೈವ್ ಡೇಟಾದಲ್ಲಿ ಕೂಲೆಂಟ್, ಏರ್ ಫಿಲ್ಟರ್ ಕಡೆಯ ಗಾಳಿ, ಮ್ಯಾನಿಫೋಲ್ಡ್ ಗಾಳಿ, ಇದ್ದರೆ ಡೀಸೆಲ್ ಬಿಸಿ, ಎಲ್ಲವನ್ನೂ ಒಂದೇ ಪರದೆಯಲ್ಲಿ ಇಟ್ಟು ನೋಡಿ. ಎಲ್ಲವೂ ನಾಲ್ಕೈದು ಡಿಗ್ರಿ ಒಳಗೆ ಇರಬೇಕು. ಕೂಲೆಂಟ್ 21, ಡೀಸೆಲ್ 22, ಮ್ಯಾನಿಫೋಲ್ಡ್ ಗಾಳಿ 5 ಅಂತ ಬಂದರೆ ಇನ್ನೇನು ಹುಡುಕಬೇಕು? ನಮ್ಮ ಕಡೆ ಬಾನೆಟ್ ಒಳಗೆ 5 ಡಿಗ್ರಿ ಚಳಿ ಎಲ್ಲಿಂದ ಬರಬೇಕು, ಅಲ್ವಾ?

ಸೆನ್ಸರ್‌ನ ಪೂರ್ತಿ ತೆಗೆದು, ಅದರ ಬದಲಿಗೆ ರೆಸಿಸ್ಟರ್ ಒಂದನ್ನೇ ಕಪ್ಲರ್‌ಗೆ (ವೈರ್ ಕೂಡುವ ಪ್ಲಗ್) ಸಿಕ್ಕಿಸಿದವರೂ ಇದ್ದಾರೆ. ಅಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಘಾಟ್‌ನಲ್ಲಿ, ಎಲ್ಲಾ ಕಡೆ ಒಂದೇ ನಂಬರ್. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಿದರೆ ಸಾಕು. ಒಂದು ಡಿಗ್ರಿಯೂ ಅಲ್ಲಾಡುವುದಿಲ್ಲ.

ಜಂಪರ್ ಪರೀಕ್ಷೆ

ಚಿಪ್ ಕಣ್ಣಿಗೆ ಕಾಣುವ ಜಾಗದಲ್ಲಿ ಇದ್ದರೆ ಇದು ಬೇಕಾಗಿಲ್ಲ. ಆದರೆ ಸ್ವಲ್ಪ ಬುದ್ಧಿವಂತರು ಹಾರ್ನೆಸ್ (ವೈರ್‌ಗಳ ಕಟ್ಟು) ಟೇಪ್ ಬಿಚ್ಚಿ, ಒಂದಡಿ ಹಿಂದೆ ವೈರ್ ಕತ್ತರಿಸಿ, ಬೆಸುಗೆ ಹಾಕಿ, ಮತ್ತೆ ಟೇಪ್ ಸುತ್ತಿರುತ್ತಾರೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆಗ ಹೀಗೆ ಮಾಡಿ.

ಇಗ್ನಿಷನ್ ಆಫ್ ಮಾಡಿ ಸೆನ್ಸರ್ ಕಪ್ಲರ್ ಬಿಚ್ಚಿ. ಆನ್ ಮಾಡಿ ಸ್ಕ್ಯಾನರ್ ನೋಡಿ. ಬಿಸಿ ಮೈನಸ್ 40ರ ಹತ್ತಿರ ತೋರಿಸಬೇಕು. ಅಂದರೆ ಇಸಿಎಂನಿಂದ 5 ವೋಲ್ಟ್ ಬರುತ್ತಿದೆ. ಮತ್ತೆ ಆಫ್ ಮಾಡಿ. ಹಾರ್ನೆಸ್ ಕಡೆಯ ಕಪ್ಲರ್‌ನಲ್ಲಿ ಬಿಸಿಯ ಸಿಗ್ನಲ್ ಪಿನ್ ಮತ್ತು ಅರ್ಥ್ ಪಿನ್ ನಡುವೆ ಸಣ್ಣ ಜಂಪರ್ ವೈರ್ ಹಾಕಿ, ಆನ್ ಮಾಡಿ. ಒರಿಜಿನಲ್ ವೈರಿಂಗ್ ಆದರೆ ಬಿಸಿ 120 ಡಿಗ್ರಿಗೂ ಮೇಲೆ ಹಾರಬೇಕು, ಪಿ0112 ಬೀಳಬೇಕು. ಅದರ ಬದಲು 23 ಡಿಗ್ರಿ ಅಂತ ಆರಾಮಾಗಿ ಕೂತಿದೆಯೇ? ಹಾರ್ನೆಸ್ ಒಳಗೆ 2.2 ಕಿಲೋಓಮ್ ಇದೆ. 5 ಡಿಗ್ರಿ ಆಸುಪಾಸು ತೋರಿಸಿದರೆ 4.7 ಕಿಲೋಓಮ್ ಇರಬಹುದು. ಟೇಪ್ ಬಿಚ್ಚದೆಯೇ ರೆಸಿಸ್ಟರ್ ಎಷ್ಟು ಓಮ್ ಅಂತ ಸಿಕ್ಕಿತು.

ಎರಡು ಎಚ್ಚರಿಕೆ. ನಾಲ್ಕು ಪಿನ್ ಕಪ್ಲರ್‌ನಲ್ಲಿ 5 ವೋಲ್ಟ್ ಸಪ್ಲೈ ಪಿನ್‌ಗೂ ಅರ್ಥ್‌ಗೂ ಜಂಪರ್ ಹಾಕಬೇಡಿ. ಅದೇ ಸಪ್ಲೈನಲ್ಲಿ ಬೇರೆ ಸೆನ್ಸರ್‌ಗಳೂ ಇರುತ್ತವೆ, ಎಲ್ಲಾ ಒಟ್ಟಿಗೆ ಹೋಗುತ್ತವೆ. ಯಾವ ಪಿನ್ ಯಾವುದು ಅನ್ನುವುದಕ್ಕೆ ಆ ಗಾಡಿಯ ವೈರಿಂಗ್ ಡಯಾಗ್ರಾಂ ಇಟ್ಟುಕೊಳ್ಳಿ. ‘ಅಂದಾಜಿಗೆ ಈ ಪಿನ್ ಇರಬೇಕು’ ಅನ್ನುವ ಮಾತು ಇಸಿಎಂ ಬೆಲೆಗೆ ಸಮ. ಎರಡನೆಯದು, ಕೆಲವು ಇಸಿಎಂಗಳು ಫಾಲ್ಟ್ ಕಂಡ ಕೂಡಲೇ ನಿಜವಾದ ಅಂಕಿ ಬಿಟ್ಟು ತಮ್ಮದೇ ಬದಲಿ ಅಂಕಿ ತೋರಿಸಲು ಶುರು ಮಾಡುತ್ತವೆ. ಹಾಗಾಗಿ ಡಿಗ್ರಿ ಜೊತೆಗೆ ಸ್ಕ್ಯಾನರ್‌ನಲ್ಲಿ ವೋಲ್ಟ್ ಕಾಣುವಂತಿದ್ದರೆ ಅದನ್ನೇ ನಂಬಿ.

ಸ್ಕ್ಯಾನರ್ ಇಲ್ಲದಿದ್ದರೆ ಬ್ಯಾಟರಿ ನೆಗೆಟಿವ್ ತೆಗೆದು, ಇಸಿಎಂ ಕಪ್ಲರ್ ಬಿಚ್ಚಿ, ಸಿಗ್ನಲ್ ವೈರ್‌ನ ಎರಡು ತುದಿ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಒಂದು ಓಮ್ ಆಸುಪಾಸು ಬಂದರೆ ಬರೀ ವೈರ್. ಸಾವಿರದ ಲೆಕ್ಕದಲ್ಲಿ ಬಂದರೆ ನಡುವೆ ಯಾರೋ ಕೂತಿದ್ದಾರೆ.

ಸೆನ್ಸರ್‌ನದ್ದೇ ತಪ್ಪಿದ್ದರೆ

ಚಿಪ್ ಇಲ್ಲ, ಆದರೂ ಅಂಕಿ ತಪ್ಪು ಬರುತ್ತಿದೆ ಅಂದರೆ ಸೆನ್ಸರ್ ಬಿಚ್ಚಿ ಅದರ ಪಿನ್‌ಗಳ ನಡುವೆ ರೆಸಿಸ್ಟನ್ಸ್ ಅಳೆಯಿರಿ. ಮೇಲೆ ಹೇಳಿದ ಅಂಕಿಗಳ ಹತ್ತಿರ ಬರಬೇಕು. ಕೈಯಲ್ಲಿ ಬಿಗಿಯಾಗಿ ಹಿಡಿದರೆ ನಿಧಾನಕ್ಕೆ ಇಳಿಯಬೇಕು. ಇಜಿಆರ್ ಇರುವ ಡೀಸೆಲ್‌ನಲ್ಲಿ ಮ್ಯಾನಿಫೋಲ್ಡ್ ಸೆನ್ಸರ್ ತುದಿಗೆ ಮಸಿ ಮತ್ತು ಎಣ್ಣೆ ಸೇರಿ ಡಾಂಬರಿನ ಹಾಗೆ ಅಂಟಿರುತ್ತದೆ. ಸೆನ್ಸರ್ ಕೆಟ್ಟಿರುವುದಿಲ್ಲ, ಉತ್ತರ ಕೊಡುವುದು ತಡ ಮಾಡುತ್ತದೆ ಅಷ್ಟೇ. ಸೆನ್ಸರ್ ಕ್ಲೀನ್ ಮಾಡುವ ಸ್ಪ್ರೇ ಹೊಡೆದು ಒಣಗಲು ಬಿಡಿ. ತಂತಿ, ಪಿನ್ ಹಾಕಿ ಕೆರೆಯಬೇಡಿ. ಕಪ್ಲರ್ ಒಳಗೆ ಹಸಿರು ತುಕ್ಕು ಇದೆಯೇ, ಇಲಿ ವೈರ್ ಕಡಿದಿದೆಯೇ ಅಂತಲೂ ನೋಡಿ. ಗೋಡೌನ್ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಇಲಿಯದ್ದೇ ಕಾಟ ಜಾಸ್ತಿ.

ನಿಜವಾದ ರೋಗ: ಬಿಸಿ ಗಾಳಿ

ಚಿಪ್ ಕಿತ್ತು, ವೈರ್ ಸರಿ ಮಾಡಿ, ಕೋಡ್ ತೆಗೆದು ಗಾಡಿ ಕಳಿಸಿದರೆ ಹೊಗೆ ನಿಲ್ಲುತ್ತದೆ. ಆದರೆ ವಾರದೊಳಗೆ ಡ್ರೈವರ್ ಮತ್ತೆ ಬರುತ್ತಾನೆ: “ಸಾರ್, ಈಗ ಘಾಟ್ ಹತ್ತೋದೇ ಇಲ್ಲ.” ಹಳೇ ದೂರು ವಾಪಸ್. ಇಂಥ ಗಾಡಿಗಳಲ್ಲಿ ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಗಾಳಿ ಬಿಸಿ ಇತ್ತು, ಬಿಸಿ ಅಂತ ಹೇಳಿತು. ಈಗ ಆ ಗಾಳಿಯನ್ನು ತಣ್ಣಗೆ ಮಾಡುವ ಕೆಲಸ ಬಾಕಿ ಇದೆ, ಹೆಚ್ಚು ಹೊತ್ತು ಹಿಡಿಯುವುದೂ ಇದೇ.

ಸ್ಕ್ಯಾನರ್ ಹಾಕಿಕೊಂಡೇ ಲೋಡ್ ಗಾಡಿಯಲ್ಲಿ ಏರು ಹತ್ತಿ ನೋಡಿ. ಹೊರಗಿನ ಗಾಳಿಗಿಂತ ಮ್ಯಾನಿಫೋಲ್ಡ್ ಗಾಳಿ 15ರಿಂದ 25 ಡಿಗ್ರಿ ಜಾಸ್ತಿ ಇದ್ದರೆ ನಾನು ಇಂಟರ್‌ಕೂಲರ್ ಮುಟ್ಟುವುದಿಲ್ಲ. 40 ಡಿಗ್ರಿಗಿಂತ ಜಾಸ್ತಿ ಫರಕು ಬಂದು ನಿಂತರೆ ಕಾರಣ ಹುಡುಕಲೇಬೇಕು.

ಮೊದಲು ಮುಂಭಾಗ ನೋಡಿ. ಗ್ರಿಲ್‌ಗೆ ಹುಳು ಬರಬಾರದು ಅಂತ ಸೊಳ್ಳೆಪರದೆ ಕಟ್ಟಿರುತ್ತಾರೆ. ಅದರ ಮುಂದೆ ಎರಡು ಫಾಗ್ ಲೈಟ್, ಒಂದು ದೊಡ್ಡ ಹಾರ್ನ್, ಹೆಸರು ಬರೆದ ಸ್ಟೀಲ್ ಪ್ಲೇಟ್, ಹಬ್ಬದ ದಿನ ಕಟ್ಟಿದ ಬಾಳೆಕಂಬದ ಒಣಗಿದ ಎಲೆ. ಗಾಳಿ ಹೋಗಲು ಜಾಗವೇ ಉಳಿದಿರುವುದಿಲ್ಲ. ಒಂದು ಪಿಕಪ್‌ನಲ್ಲಿ ಪರದೆ ಬಿಚ್ಚಿ ಇಂಟರ್‌ಕೂಲರ್ ಫಿನ್‌ಗೆ ಟಾರ್ಚ್ ಹಿಡಿದರೆ ಹಿಂದಿನಿಂದ ಬೆಳಕೇ ಕಾಣಲಿಲ್ಲ. ಕೆಮ್ಮಣ್ಣು, ಹುಳು, ಗೋಣಿಚೀಲದ ನಾರು, ಮೂರೂ ಸೇರಿ ಒತ್ತಾಗಿ ಕೂತಿದ್ದವು. ಬೆರಳಲ್ಲಿ ಒತ್ತಿದರೆ ತುಂಡುತುಂಡಾಗಿ ಎದ್ದು ಬಂತು.

ತೊಳೆಯುವುದು ಹಿಂದಿನಿಂದ ಮುಂದಕ್ಕೆ, ಅಂದರೆ ಇಂಜಿನ್ ಕಡೆಯಿಂದ ಗ್ರಿಲ್ ಕಡೆಗೆ. ಮಾಮೂಲಿ ಪೈಪ್ ನೀರು ಸಾಕು. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಇನ್ನಷ್ಟು ಮುಚ್ಚಿಹೋಗುತ್ತದೆ. ಮಡಚಿದ ಫಿನ್‌ಗಳನ್ನು ಬಾಚಣಿಗೆಯಂಥ ಫಿನ್ ಟೂಲ್‌ನಿಂದ ನೆಟ್ಟಗೆ ಮಾಡಿ. ಇಂಟರ್‌ಕೂಲರ್ ಬಿಚ್ಚಿದ್ದರೆ ಒಳಗಿನ ಎಣ್ಣೆಯನ್ನೂ ಬಗ್ಗಿಸಿ ತೆಗೆಯಿರಿ. ಸ್ವಲ್ಪ ಪಸೆ ಇರುವುದು ಸಹಜ. ಲೋಟದಷ್ಟು ಎಣ್ಣೆ ಬಂದರೆ ಟರ್ಬೊ ಸೀಲ್, ಬ್ರೀದರ್ ಎರಡನ್ನೂ ನೋಡಬೇಕು.

ಬಾನೆಟ್ ಮೇಲೆ ಗಾಳಿಯ ಬಾಯಿ ಇದ್ದು ಇಂಟರ್‌ಕೂಲರ್ ಇಂಜಿನ್ ಮೇಲೇ ಕೂತಿರುವ ಗಾಡಿಗಳಲ್ಲಿ ಇನ್ನೊಂದು ವಿಷಯ. ಬಾನೆಟ್‌ಗೂ ಇಂಟರ್‌ಕೂಲರ್‌ಗೂ ನಡುವೆ ಒಂದು ಫೋಮ್ ಸೀಲ್ ಇರುತ್ತದೆ. ಅದು ಪುಡಿಯಾಗಿ ಉದುರಿಹೋಗಿದ್ದರೆ ಹೊರಗಿನ ಗಾಳಿ ಫಿನ್ ಒಳಗೆ ಹೋಗದೆ ಪಕ್ಕದಿಂದ ಜಾರಿಹೋಗುತ್ತದೆ. ಜೊತೆಗೆ ಇಂಜಿನ್ ಬಿಸಿಯೂ ಇಂಟರ್‌ಕೂಲರ್‌ಗೆ ಬಡಿಯುತ್ತದೆ. ಇದನ್ನು ಯಾರೂ ನೋಡುವುದಿಲ್ಲ. ಸ್ಪೇರ್ ಅಂಗಡಿಯಲ್ಲಿ ಸಿಗದಿದ್ದರೆ ಒಳ್ಳೇ ದಪ್ಪನೆಯ ಫೋಮ್ ಪಟ್ಟಿ ಕತ್ತರಿಸಿ ಅಂಟಿಸಿದರೂ ಆಯಿತು.

ಘಾಟ್‌ನಲ್ಲಿ ಎರಡನೇ, ಮೂರನೇ ಗೇರ್‌ನಲ್ಲಿ ಹೋಗುವಾಗ ಎದುರುಗಾಳಿ ಇರುವುದೇ ಇಲ್ಲ. ಆಗ ಎಲ್ಲಾ ಫ್ಯಾನ್ ಮೇಲೆ. ವಿಸ್ಕಸ್ ಫ್ಯಾನ್ (ಕಾದಾಗ ಕಪ್ಲಿಂಗ್ ಬಿಗಿಯಾಗಿ ಹಿಡಿಯುವ ಫ್ಯಾನ್) ಇದ್ದರೆ ಇಂಜಿನ್ ಚೆನ್ನಾಗಿ ಕಾದಿರುವಾಗ ಆಫ್ ಮಾಡಿ, ಫ್ಯಾನ್ ಎಲೆ ಕೈಯಲ್ಲಿ ತಿರುಗಿಸಿ. ತಡೆ ಇರಬೇಕು. ಸರಾಗವಾಗಿ ಸುತ್ತು ಹೊಡೆದರೆ ಕಪ್ಲಿಂಗ್ ಹೋಗಿದೆ. ಕೀ ಜೇಬಿನಲ್ಲಿ ಇಟ್ಟುಕೊಂಡೇ ಕೈ ಹಾಕಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಾದರೆ ಅದು ತಾನಾಗಿಯೇ ತಿರುಗಲು ಶುರುವಾಗಬಹುದು, ಬ್ಯಾಟರಿ ತೆಗೆಯದೆ ಕೈ ಹಾಕಲೇಬೇಡಿ.

ಆಮೇಲೆ ಹೋಸ್‌ಗಳು. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಹೋಸ್‌ಗಳ ಜೋಡಣೆಯಲ್ಲಿ ಎಣ್ಣೆ ಪಸೆಗೆ ಧೂಳು ಕೂತು ಕಪ್ಪು ಕಲೆ ಇದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಗಾಳಿ ಸೋರಿದರೆ ಬೇಕಾದ ಬೂಸ್ಟ್ ತಲುಪಿಸಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗುತ್ತದೆ. ಎರಡು ತುದಿ ಮುಚ್ಚಿ 1 ಬಾರ್ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಸೋರಿಕೆ. ಹೋಸ್ ಒಳಪದರ ಕಿತ್ತು ಜೋತುಬಿದ್ದಿದೆಯೇ ಅಂತ ಕೈ ಹಾಕಿ ನೋಡಿ, ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಟರ್ಬೊಗೆ ಇದೇ ಕಷ್ಟ. ಅಗ್ಗದ ತೊಂದರೆ ಅದು, ಅದನ್ನೇ ಮೊದಲು ಬದಲಿಸಿ.

ಪೆಟ್ರೋಲ್, ಸಿಎನ್‌ಜಿ ಗಾಡಿಯಾದರೆ

ಇಲ್ಲಿ ಚಿಪ್‌ನಿಂದ ಏನೂ ಬರುವುದಿಲ್ಲ ಅಂತ ಲೆಕ್ಕ ಹಾಕಿಯೇ ತೋರಿಸಬಹುದು. ಒತ್ತಡ ಮತ್ತು ಬಿಸಿಯಿಂದ ಗಾಳಿ ಲೆಕ್ಕ ಹಾಕುವ ಇಂಜಿನ್‌ನಲ್ಲಿ 40 ಡಿಗ್ರಿ ಗಾಳಿ 13 ಅಂತ ಕಂಡರೆ ಇಸಿಎಂ 9 ಪರ್ಸೆಂಟ್ ಇಂಧನ ಜಾಸ್ತಿ ಕೊಡುತ್ತದೆ. ಆಕ್ಸಿಜನ್ ಸೆನ್ಸರ್ ‘ಜಾಸ್ತಿ ಆಯಿತು’ ಅಂತ ಹೇಳುತ್ತದೆ. ಇಸಿಎಂ ನಿಧಾನಕ್ಕೆ ಅದೇ 9 ಪರ್ಸೆಂಟ್ ವಾಪಸ್ ಕಡಿಮೆ ಮಾಡುತ್ತದೆ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಂಧನಕ್ಕೆ ಇಸಿಎಂ ಮಾಡಿಕೊಳ್ಳುವ ತಿದ್ದುಪಡಿ) ಮೈನಸ್ 8, ಮೈನಸ್ 9ರಲ್ಲಿ ಹೋಗಿ ಕೂತಿದ್ದರೆ, ಇಂಜೆಕ್ಟರ್ ಸೋರುತ್ತಿದೆ ಅಂತ ತೀರ್ಮಾನಿಸುವ ಮೊದಲು ಬೆಳಗಿನ ಪರೀಕ್ಷೆ ಮಾಡಿ. ತಣ್ಣನೆ ಗಾಳಿ ಅಂತ ಇಗ್ನಿಷನ್ ಟೈಮಿಂಗ್ ಸ್ವಲ್ಪ ಮುಂದಕ್ಕೆ ಹೋಗಬಹುದು ನಿಜ. ನಮ್ಮ ಬಿಸಿಲಿನಲ್ಲಿ, ಲೋಡ್‌ನಲ್ಲಿ, ಅದರಿಂದ ಇಂಜಿನ್ ಕುಟ್ಟಲು ಶುರುವಾಗುತ್ತದೆ. ನಾಕ್ ಸೆನ್ಸರ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಮೊದಲಿಗಿಂತ ಕಡಿಮೆ ಎಳೆತ ಆದರೂ ಆಶ್ಚರ್ಯ ಇಲ್ಲ.

ಅಮೆರಿಕದಲ್ಲಿ ಪಿಕಪ್ ಟ್ರಕ್‌ಗಳಿಗೆ ಈ ರೆಸಿಸ್ಟರ್ ಮಾರಾಟ ಹಳೆಯ ವ್ಯಾಪಾರ. ಅಲ್ಲಿನ ಚಳಿ ಪ್ರದೇಶಗಳಲ್ಲಿ ಹಳೆಯ ಕಮಿನ್ಸ್ ಡೀಸೆಲ್ ಪಿಕಪ್‌ಗಳಿಗೆ ಉಲ್ಟಾ ಕೆಲಸ ಮಾಡುವವರೂ ಇದ್ದಾರೆ. ಪ್ಯಾರಲಲ್‌ನಲ್ಲಿ ರೆಸಿಸ್ಟರ್ ಹಾಕಿ ಗಾಳಿ ಬಿಸಿ ಇದೆ ಅಂತ ತೋರಿಸಿ ಮೈಲೇಜ್ ಹುಡುಕುತ್ತಾರೆ. ಅಲ್ಲಿ ಹಿಮ ಬೀಳುತ್ತದೆ. ಆ ವಿಡಿಯೋ ನೋಡಿ ಬಳ್ಳಾರಿ ಬಿಸಿಲಲ್ಲಿ ಓಡುವ ಗಾಡಿಗೆ ಪ್ರಯೋಗ ಮಾಡುವುದು ಬೇಡ.

ಬಿಎಸ್6 ಗಾಡಿ

2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್6 ಡೀಸೆಲ್‌ಗಳಲ್ಲಿ ಈ ಆಟ ಇನ್ನೂ ದುಬಾರಿ. ಜಾಸ್ತಿ ಮಸಿ ಬಂದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬೇಗ ತುಂಬುತ್ತದೆ. ಆ ಮಸಿಯನ್ನು ಸುಟ್ಟು ತೆಗೆಯುವ ರೀಜನರೇಷನ್ ಮತ್ತೆ ಮತ್ತೆ ಆಗುತ್ತದೆ. ಅದಕ್ಕಾಗಿ ತಡವಾಗಿ ಹೊಡೆಯುವ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಜಾರಿ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಲೆವೆಲ್ ಏರಿದ್ದರೆ, ವಾಸನೆ ನೋಡಿದರೆ ಡೀಸೆಲ್ ಹೊಡೆದರೆ, ಆಯಿಲ್ ಬದಲಿಸದೆ ಗಾಡಿ ಕಳಿಸಬೇಡಿ. ಚಿಪ್ ತೆಗೆದ ಮೇಲೆ ಸ್ಕ್ಯಾನರ್‌ನಲ್ಲಿ ಡಿಪಿಎಫ್ ಮಸಿಯ ಲೆವೆಲ್ ನೋಡಿ, ಬೇಕಿದ್ದರೆ ಸರ್ವಿಸ್ ರೀಜನರೇಷನ್ ಮಾಡಿಸಿ.

ಬಿಎಸ್4 ಗಾಡಿಯಾದರೂ ಹೊಗೆ ತಪಾಸಣೆ ಇದೆ. ಡೀಸೆಲ್‌ಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ಹೊಗೆ ಉಗುಳುವ ಗಾಡಿಗೆ ಎಮಿಷನ್ ಸರ್ಟಿಫಿಕೇಟ್ ಸಿಗದೆ ಇದ್ದಾಗಲೇ ಎಷ್ಟೋ ಓನರ್‌ಗಳಿಗೆ ಚಿಪ್ ವಿಷಯ ಗೊತ್ತಾಗುವುದು.

ವೈರ್ ಸೇರಿಸುವುದು, ಕೊನೆಯ ತಪಾಸಣೆ

ರೆಸಿಸ್ಟರ್ ಕತ್ತರಿಸಿ ತೆಗೆದ ಮೇಲೆ ಎರಡು ತುದಿಯನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗುತ್ತದೆ, ಮಳೆಗಾಲದಲ್ಲಿ ನೀರು ಇಳಿಯುತ್ತದೆ, ಮತ್ತೆ ಪಿ0113. ತುದಿಯ ಕಪ್ಪಾದ ತಂತಿ ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಹಿಂದೆ ಹೋಗಿ. ವೈರ್ ಉದ್ದ ಸಾಲದಿದ್ದರೆ ಅದೇ ದಪ್ಪದ ತುಂಡು ಸೇರಿಸಿ. ಬೆಸುಗೆ ಅಥವಾ ಒಳ್ಳೆಯ ಕ್ರಿಂಪ್, ಅದರ ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್. ಜೋಡಣೆ ಕಪ್ಲರ್‌ನಿಂದ ನಾಲ್ಕು ಬೆರಳು ಹಿಂದೆ ಇರಲಿ, ಅಲ್ಲಾಡದಂತೆ ಕಟ್ಟಿ. ಕಪ್ಲರ್ ಪಿನ್‌ಗಳಿಗೆ ಚಿಪ್‌ನ ದಪ್ಪ ಪಿನ್ ತುರುಕಿದ್ದರೆ ಬಾಯಿ ಅಗಲವಾಗಿರುತ್ತದೆ. ಒರಿಜಿನಲ್ ಸೆನ್ಸರ್ ಹಾಕಿದರೂ ಸಡಿಲ, ಕುಲುಕಿದಾಗೆಲ್ಲ ಪಿ0114. ಪಿನ್ ಬದಲಿಸಿ, ಇಲ್ಲವೇ ಕಪ್ಲರ್ ಬದಲಿಸಿ.

ಈಗ ಕೋಡ್ ಎರೇಸ್ ಮಾಡಿ. ಜಂಪರ್ ಪರೀಕ್ಷೆ ಇನ್ನೊಮ್ಮೆ ಮಾಡಿ, 120 ದಾಟಬೇಕು. ಅದರಿಂದ ಬಿದ್ದ ಕೋಡ್ ಮತ್ತೆ ಎರೇಸ್ ಮಾಡಿ. ಲೋಡ್ ಹಾಕಿ, ಮಧ್ಯಾಹ್ನದ ಬಿಸಿಲಲ್ಲೇ ಏರು ಹತ್ತಿಸಿ, ಮ್ಯಾನಿಫೋಲ್ಡ್ ಬಿಸಿ ಮತ್ತು ಬೂಸ್ಟ್ ಎರಡನ್ನೂ ಸ್ಕ್ಯಾನರ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪೆಟ್ರೋಲ್ ಗಾಡಿಯಾದರೆ ಫ್ಯೂಯೆಲ್ ಟ್ರಿಮ್ ಸೊನ್ನೆಯ ಕಡೆ ಬರಲು ಸ್ವಲ್ಪ ದೂರ ಓಡಬೇಕು, ಅವಸರ ಮಾಡಬೇಡಿ. ಆ ರೆಕಾರ್ಡಿಂಗ್ ಓನರ್ ಮೊಬೈಲ್‌ಗೆ ಕಳಿಸಿ, ಕಿತ್ತ ಚಿಪ್ಪನ್ನೂ ಓನರ್ ಕೈಗೇ ಕೊಡಿ. ಡ್ರೈವರ್ ಕೈಗೆ ಕೊಟ್ಟರೆ ಅದು ಮುಂದಿನ ಡಾಬಾದಲ್ಲಿ ಇನ್ನೊಂದು ಗಾಡಿಗೆ ಹೋಗುತ್ತದೆ.